ನೀಲಿ ಡಬ್ಬಿಯೊಳಗಿನ ಬ್ಯಾಡ್ಜು

2008ರಲ್ಲಿ ನಾವು ಅಪ್ಪರ್ ಡಾರ್ಬಿಯಲ್ಲಿದ್ದೆವು. ಫಿಲಡೆಲ್ಫಿಯಾ ಮುಗಿಯುವ ಕಡೆ ಶುರುವಾಗುವ ಊರು ಅದು. 69ನೇ ಸ್ಟ್ರೀಟಿನ ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ನಮ್ಮ ಅಪಾರ್ಟ್‌ಮೆಂಟ್. ನನ್ನ ಗಂಡ ಬೆಳಿಗ್ಗೆ ಟ್ರೇನ್ ಹತ್ತಿ ಹೊರಟರೆ ವಾಪಸ್ ಬರುವಾಗ ಕತ್ತಲಾಗಿರುತ್ತಿತ್ತು. ನನ್ನದು ಎಚ್-4 ವೀಸಾ. ಗಂಡನ ಜೊತೆ ಇರಬಹುದಿತ್ತು, ಆಗ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಐದು ವರ್ಷ ಪಾಠ ಮಾಡಿ ಬಂದವಳು ನಾನು. ಇಲ್ಲಿ ಹನ್ನೊಂದು ಗಂಟೆಗೆ ಅಡುಗೆ ಮುಗಿದರೆ ಆಮೇಲೆ ಇಡೀ ದಿನ ಟೀವಿ.

ಟೀವಿಯಲ್ಲಿ ಆಗ ಇದ್ದದ್ದು ಇಬ್ಬರೇ. ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮಾ. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರು. ಅಧ್ಯಕ್ಷ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕು ಅನ್ನುವುದಕ್ಕೇ ಅವರ ನಡುವೆ ಪೈಪೋಟಿ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. "ಒಂದೇ ಪಾರ್ಟಿಯವರು ಬೀದೀಲಿ ನಿಂತು ಯಾಕೆ ಕಿತ್ತಾಡ್ತಾರೆ? ಟಿಕೆಟ್ ಯಾರಿಗೆ ಅಂತ ಮೇಲಿನವರು ಹೇಳಿಬಿಡೋದಿಲ್ವಾ?" ನಮ್ಮ ಕಡೆ ಟಿಕೆಟ್ ದೆಹಲಿಯಿಂದ ಬರುತ್ತದೆ. ಅಮೆರಿಕದಲ್ಲಿ ಅದನ್ನು ಮತದಾರರೇ ತೀರ್ಮಾನಿಸುತ್ತಾರೆ. ಜನವರಿಯಿಂದ ಜೂನ್ ತನಕ ಒಂದೊಂದು ರಾಜ್ಯದಲ್ಲೂ ಪಕ್ಷದೊಳಗೇ ಚುನಾವಣೆ. ಅದೇ ಪ್ರೈಮರಿ. ಬಿದ್ದ ಮತಕ್ಕೆ ತಕ್ಕಂತೆ ಇಬ್ಬರಿಗೂ ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಹಂಚಿಕೆಯಾಗುತ್ತಾರೆ. ಇದರ ಜೊತೆಗೆ ಆಗ ಪಕ್ಷದ ಸುಮಾರು 800 ಮುಖಂಡರಿಗೆ ತಮಗೆ ಬೇಕಾದವರಿಗೆ ಹಾಕುವ ಸ್ವಂತ ವೋಟು ಇತ್ತು. ಸೂಪರ್ ಡೆಲಿಗೇಟ್ ಅಂತ ಅವರ ಹೆಸರು. ಒಂದೇ ಮನೆಯವರ ಜಗಳ ಆದ್ದರಿಂದಲೋ ಏನೋ, ಮಾತು ಜಾಸ್ತಿ ಚುಚ್ಚುತ್ತಿತ್ತು.

ನಾನು ಮೊದಲಿಂದಲೂ ಹಿಲರಿ ಕಡೆ. ಅದಕ್ಕೆ ಕಾರಣ ರಾಜಕೀಯ ಅಲ್ಲ, ನನ್ನ ಆಗಿನ ಸ್ಥಿತಿ. ಜನವರಿ 3ರಂದು, ಕಣದಲ್ಲಿ ಇನ್ನೂ ಕೆಲವರು ಇದ್ದಾಗ, ಅಯೋವಾ ರಾಜ್ಯದಲ್ಲಿ ಅವರು ಮೂರನೇ ಸ್ಥಾನಕ್ಕೆ ಬಿದ್ದರು. ನಾಲ್ಕು ದಿನ ಕಳೆದು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಊರಿನ ಕಾಫಿ ಅಂಗಡಿಯಲ್ಲಿ ಒಬ್ಬ ಹೆಂಗಸು ಅವರನ್ನು, ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಅಂತ ಕೇಳಿದರು. ಹಿಲರಿಯ ಗಂಟಲು ಕಟ್ಟಿತು. ಅಷ್ಟೇ. ಕಣ್ಣೀರು ಕೂಡ ಕೆಳಗೆ ಬೀಳಲಿಲ್ಲ. ಆದರೆ ಇಡೀ ದಿನ ಟೀವಿಯಲ್ಲಿ ಅದೇ ಚರ್ಚೆ. ಇದು ನಿಜವಾದ ಅಳುವಾ? ನಾಟಕವಾ? ಅಳುವವಳು ದೇಶ ನಡೆಸುತ್ತಾಳಾ? ಅದೇ ದಿನ ಅದೇ ರಾಜ್ಯದ ಸೇಲಂ ಎಂಬಲ್ಲಿ ಅವರ ಸಭೆಯಲ್ಲಿ ಇಬ್ಬರು ಗಂಡಸರು ಎದ್ದು ನಿಂತು "ನನ್ನ ಅಂಗಿಗೆ ಇಸ್ತ್ರಿ ಹಾಕು" ಅಂತ ಕೂಗಿದರು.

ಅದನ್ನು ನೋಡುವಾಗ ನನ್ನ ಮುಂದೆ ಇಸ್ತ್ರಿ ಹಲಗೆ ಇತ್ತು. ಗಂಡನ ನಾಳೆಯ ಅಂಗಿ ಅದರ ಮೇಲಿತ್ತು. ನನ್ನ ಗಂಡ ಒಳ್ಳೆಯವರು, ಅವರ ಮೇಲೆ ಯಾವ ದೂರೂ ಇಲ್ಲ. ಆದರೂ ಆ ಕೂಗು ನನಗೇ ಕೂಗಿದ ಹಾಗೆ ತಾಗಿತು. ಮರುದಿನ ಹಿಲರಿ ಗೆದ್ದಾಗ ಒಬ್ಬಳೇ ಕೂತು ಅತ್ತೆ.

ಒಬಾಮಾ ಕಡೆಯವರಿಗೆ ಏನು ತಾಗುತ್ತಿತ್ತು ಅಂತ ಆಗ ನನಗೆ ಕಾಣಿಸಲಿಲ್ಲ. ಅದೇ ಜನವರಿ 7ರಂದೇ ಹಿಲರಿ ಇನ್ನೊಂದು ಮಾತು ಆಡಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸು ಕೈಗೂಡಲು ಶುರುವಾದದ್ದು ಅಧ್ಯಕ್ಷ ಜಾನ್ಸನ್ 1964ರ ನಾಗರಿಕ ಹಕ್ಕು ಕಾಯ್ದೆ ತಂದಾಗ, ಆ ಕೆಲಸಕ್ಕೆ ಒಬ್ಬ ಅಧ್ಯಕ್ಷ ಬೇಕಾಯಿತು, ಅಂತ. ಬಿಳಿಯರ ಕಿವಿಗೆ ಅದು ಇತಿಹಾಸದ ಪಾಠ. ಆ ಹಕ್ಕಿಗಾಗಿ ಜೈಲಿಗೆ ಹೋದವರ, ಪೊಲೀಸ್ ನಾಯಿಗಳಿಂದ ಕಚ್ಚಿಸಿಕೊಂಡವರ ಮಕ್ಕಳ ಕಿವಿಗೆ ಅದು ಬೇರೆಯೇ ಕೇಳಿಸಿತು. ಮುಂದೆ ಜನವರಿ 26ರಂದು ಸೌತ್ ಕ್ಯಾರೊಲೈನಾದಲ್ಲಿ ಒಬಾಮಾ 55 ಪರ್ಸೆಂಟ್ ಮತ ಪಡೆದು ಗೆದ್ದರು. ಹಿಲರಿಗೆ ಬಿದ್ದದ್ದು ಬರೀ 27. ಆಗ ಹಿಲರಿಯ ಗಂಡ ಬಿಲ್ ಕ್ಲಿಂಟನ್, ಕಪ್ಪು ಜನರ ಮುಖಂಡ ಜೆಸ್ಸಿ ಜಾಕ್ಸನ್ ಕೂಡ 1984ರಲ್ಲಿ, 1988ರಲ್ಲಿ ಇಲ್ಲಿ ಗೆದ್ದಿದ್ದರು ಅಂದರು. ಯಾರೂ ಜಾಕ್ಸನ್ ಬಗ್ಗೆ ಕೇಳಿರಲಿಲ್ಲ. ಇವನು ಕಪ್ಪು ಜನರ ಅಭ್ಯರ್ಥಿ ಅಷ್ಟೇ, ಇದನ್ನು ದೊಡ್ಡದು ಮಾಡಬೇಡಿ ಅನ್ನುವ ದನಿ ಅದರಲ್ಲಿತ್ತು. ಅದುವರೆಗೆ ಕ್ಲಿಂಟನ್ ದಂಪತಿಯನ್ನು ತಮ್ಮವರು ಅಂದುಕೊಂಡಿದ್ದ ಎಷ್ಟೋ ಕಪ್ಪು ಜನ ಆ ವಾರ ದೂರ ಸರಿದರು. 1965ರಲ್ಲಿ ಸೆಲ್ಮಾದ ಸೇತುವೆ ಮೇಲೆ ಪೊಲೀಸರಿಂದ ತಲೆ ಒಡೆಸಿಕೊಂಡಿದ್ದ ಜಾನ್ ಲೂಯಿಸ್ ಮೊದಲು ಹಿಲರಿ ಪರ ಇದ್ದರು. ಫೆಬ್ರವರಿ ಕೊನೆಯಲ್ಲಿ ಅವರೂ ಒಬಾಮಾ ಕಡೆ ಬಂದರು.

ಇದೆಲ್ಲ ನನಗೆ ತಿಳಿದದ್ದು ಕೆಳಗಿನ ಮನೆಯ ಅಜ್ಜಿಯಿಂದ.

ಅಜ್ಜಿ ಅಂತ ಬರೆಯುತ್ತಿದ್ದೇನೆ. ಎದುರಿಗೆ ಅಲ್ಲಿನ ರೂಢಿಯಂತೆ ಹೆಸರಿಗೆ ಮೊದಲು ಮಿಸ್ ಸೇರಿಸಿ ಕರೆಯುತ್ತಿದ್ದೆ. ಆಗ ಅವರಿಗೆ ಎಪ್ಪತ್ತರ ಹತ್ತಿರ. ಫಿಲಡೆಲ್ಫಿಯಾದಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು. ಒಂದು ಆಸ್ಪತ್ರೆಯಲ್ಲಿ ನರ್ಸ್‌ಗಳ ಸಹಾಯಕಿಯಾಗಿ ದುಡಿದು ರಿಟೈರ್ ಆಗಿದ್ದರು. ಮೊದಲು ಮಾತಾಡಿದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಮಶೀನಿನ ಮುಂದೆ. ಅದಕ್ಕೆ ಕ್ವಾರ್ಟರ್ ನಾಣ್ಯವೇ ಬೇಕು, ನನ್ನ ಕೈಯಲ್ಲಿ ನೋಟು. ಅವರು ಖಾಲಿ ಮಾತ್ರೆ ಡಬ್ಬಿಯಿಂದ ಎಂಟು ನಾಣ್ಯ ಎಣಿಸಿ ನನ್ನ ಅಂಗೈಗೆ ಹಾಕಿದರು. ನೋಟು ತೆಗೆದುಕೊಳ್ಳಲಿಲ್ಲ. "ಮುಂದಿನ ವಾರ ನೀನೂ ನಾಣ್ಯವೇ ಕೊಡು" ಅಂದರು.

ಅದಕ್ಕೂ ಮೊದಲು ನಡೆದ ಒಂದು ಸಂಗತಿ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಆ ಕಟ್ಟಡಕ್ಕೆ ಬಂದ ಮೊದಲ ತಿಂಗಳು, ಒಂದು ಸಂಜೆ ದಿನಸಿ ಚೀಲ ಹಿಡಿದು ಬರುತ್ತಿದ್ದೆ. ಒಬ್ಬ ಎತ್ತರದ ಕಪ್ಪು ಹುಡುಗ ನನಗಾಗಿ ಬಾಗಿಲು ಹಿಡಿದು ನಿಂತಿದ್ದ. ನಾನು ಏನೋ ಮರೆತವಳ ಹಾಗೆ ನಟಿಸಿ ಹಿಂದಕ್ಕೆ ತಿರುಗಿದೆ. ಅವನು ಹೋಗುವ ತನಕ ಪಾರ್ಕಿಂಗ್‌ನಲ್ಲಿ ನಿಂತಿದ್ದೆ. ಆ ಹುಡುಗ ಅಜ್ಜಿಯ ಮೊಮ್ಮಗ ಅಂತ ಆಮೇಲೆ ಗೊತ್ತಾಯಿತು. ಅಜ್ಜಿಯ ಕಿಟಕಿ ಪಾರ್ಕಿಂಗ್ ಕಡೆಗೇ ಇದೆ ಅನ್ನುವುದೂ ಆಮೇಲೆ ಗೊತ್ತಾಯಿತು.

ಮಾರ್ಚ್ ತಿಂಗಳಲ್ಲಿ ಜಗಳ ವಿಕೋಪಕ್ಕೆ ಹೋಯಿತು. 1984ರಲ್ಲಿ ದೊಡ್ಡ ಪಕ್ಷವೊಂದರಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಹೆಂಗಸು ಜೆರಾಲ್ಡೀನ್ ಫೆರಾರೊ. ಅವರು ಹಿಲರಿ ಪರ ಕೆಲಸ ಮಾಡುತ್ತಿದ್ದರು. ಒಬಾಮಾ ಬಿಳಿಯ ಗಂಡಸಾಗಿದ್ದರೆ ಈ ಸ್ಥಾನಕ್ಕೆ ಬರುತ್ತಲೇ ಇರಲಿಲ್ಲ ಅಂದರು. ಗದ್ದಲವಾಗಿ ಪ್ರಚಾರದ ಕೆಲಸ ಬಿಟ್ಟರು. ತಾನೇ ಒಂದು ಬಾಗಿಲು ಒಡೆದವರು ಇನ್ನೊಬ್ಬನಿಗೆ ಬಾಗಿಲು ಸುಮ್ನೆ ತೆರೆದುಕೊಂಡಿತು ಅಂದದ್ದು ನನಗೆ ಬಹಳ ನೋವಾಯಿತು. ಆ ಹೊತ್ತಿಗೆ ಒಬಾಮಾ ಅವರ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಅವರ ಹಳೆಯ ಪ್ರವಚನಗಳ ತುಣುಕುಗಳೂ ಟೀವಿಯಲ್ಲಿ ಹಗಲೂ ರಾತ್ರಿ ಬರತೊಡಗಿದವು. ಮಾರ್ಚ್ 18ರಂದು ಒಬಾಮಾ ಜನಾಂಗದ ವಿಷಯದ ಬಗ್ಗೆಯೇ ಒಂದು ಭಾಷಣ ಮಾಡಿದರು. ಮಾಡಿದ್ದು ನಮ್ಮ ಊರಿನಿಂದ ಟ್ರೇನಿನಲ್ಲಿ ಅರ್ಧ ಗಂಟೆ ದೂರದ ಸಂವಿಧಾನ ಕೇಂದ್ರದಲ್ಲಿ.

ಅಜ್ಜಿ ಅವತ್ತು ಬೆಳಿಗ್ಗೆ ಬಂದು ಬಾಗಿಲು ತಟ್ಟಿ, ಬಾ ಒಟ್ಟಿಗೆ ನೋಡೋಣ ಅಂದರು. ಅವರ ಸೋಫಾದ ಮೇಲೆ ಕೂತೆವು. ಒಬಾಮಾ ತನ್ನನ್ನು ಸಾಕಿದ ಬಿಳಿಯ ಅಜ್ಜಿಯ ಬಗ್ಗೆ ಹೇಳಿದರು. ಈ ಜಗತ್ತಿನಲ್ಲಿ ಬೇರೆ ಯಾವುದಕ್ಕೂ ಕಡಿಮೆಯಿಲ್ಲದಷ್ಟು ತನ್ನನ್ನು ಪ್ರೀತಿಸುವವಳು ಅಂದರು. ಹಾಗೆಯೇ, ಬೀದಿಯಲ್ಲಿ ಪಕ್ಕದಲ್ಲಿ ಹಾದುಹೋಗುವ ಕಪ್ಪು ಗಂಡಸರನ್ನು ಕಂಡರೆ ತನಗೆ ಭಯ ಅಂತ ಒಮ್ಮೆ ಒಪ್ಪಿಕೊಂಡವಳು ಅಂದರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಟೀವಿಯ ಮೇಲೇ ಕಣ್ಣಿಟ್ಟು ಕೂತಿದ್ದರು. ತಿರುಗದೇ ಇದ್ದದ್ದರಿಂದಲೇ, ಅವತ್ತು ಕಿಟಕಿಯಿಂದ ಅವರು ನೋಡಿದ್ದಾರೆ ಅಂತ ನನಗೆ ಖಚಿತವಾಯಿತು.

ಇಷ್ಟಾದ ಮೇಲೂ ನಾನು ಮಾಡಿದ್ದೇನು? ಭಾಷಣ ಮುಗಿದು ಟೀವಿಯ ದನಿ ಇಳಿಸಿದ ಕೂಡಲೇ ಕೇಳಿಬಿಟ್ಟೆ. "ನೀವು ಏಪ್ರಿಲ್‌ನಲ್ಲಿ ಯಾರಿಗೆ ಹಾಕ್ತೀರಿ? ಹೆಂಗಸು ಅಂತ ನೋಡಿದರೆ ಹಿಲರಿ, ನಿಮ್ಮ ಜನ ಅಂತ ನೋಡಿದರೆ ಒಬಾಮಾ. ನಿಮಗೆ ಯಾವುದು ಮುಖ್ಯ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನೀನೂನಾ?" ಅಂದರು.

ಅದರಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಟೀವಿಯವರು ಕೇಳ್ತಾರೆ. ಚರ್ಚಿನಲ್ಲಿ ಕೇಳ್ತಾರೆ. ತಲೆಕೂದಲು ಮಾಡಿಸೋಕೆ ಹೋದರೆ ಅಲ್ಲೂ ಕೇಳ್ತಾರೆ. ಫೋನ್ ಮಾಡೋ ಹುಡುಗರು ಕೇಳ್ತಾರೆ. ಈಗ ನೀನು. ನನ್ನ ಸೊಸೆ ಅವನ ಕಡೆ, ನನ್ನ ತಂಗಿ ಅವಳ ಕಡೆ. ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ನಾನು ಯಾವಾಗ ಬರೀ ಹೆಂಗಸಾಗಿದ್ದೆ? ಯಾವಾಗ ಬರೀ ಕಪ್ಪಾಗಿದ್ದೆ? ಅದನ್ನ ಒಬ್ಬರೂ ಕೇಳಲಿಲ್ಲ."

ಆಮೇಲೆ ಆಸ್ಪತ್ರೆಯ ಕಥೆ ಹೇಳಿದರು. ಒಮ್ಮೆ ಸಂಬಳ ಏರಿಸುವ ಮಾತು ನಡೆದಿತ್ತಂತೆ. ನರ್ಸ್‌ಗಳ ಗುಂಪಿಗೆ ಮುಖ್ಯಸ್ಥೆ ಒಬ್ಬ ಬಿಳಿಯ ಹೆಂಗಸು. ಗೇಟು, ಅಡುಗೆಮನೆ, ಬಾಯ್ಲರ್ ಕೆಲಸದವರ ಗುಂಪಿಗೆ ಒಬ್ಬ ಕಪ್ಪು ಗಂಡಸು. ಇಬ್ಬರೂ ಒಳ್ಳೆಯವರೇ. ಅಜ್ಜಿ ಮತ್ತು ಅವರಂಥ ಹನ್ನೆರಡು ಹೆಂಗಸರು ಇಬ್ಬರ ಹತ್ತಿರವೂ ಹೋದರು. "ಮೊದಲು ನಮ್ಮದು ಆಗಲಿ, ನಿಮ್ಮದು ಆಮೇಲೆ ನೋಡೋಣ" ಅಂತ ಇಬ್ಬರೂ ಹೇಳಿದರು. "ಆ ಆಮೇಲೆ ಬರುವಷ್ಟರಲ್ಲಿ ನನ್ನ ಕಾಲು ನೋಯೋಕೆ ಶುರುವಾಗಿತ್ತು" ಅಂದರು.

ಎದ್ದು ಒಳಗೆ ಹೋಗಿ ಒಂದು ನೀಲಿ ತಗಡಿನ ಡಬ್ಬಿ ತಂದರು. ಬೆಣ್ಣೆ ಬಿಸ್ಕತ್ತಿನ ದುಂಡು ಡಬ್ಬಿ. ನಮ್ಮ ಮನೆಯಲ್ಲೂ ಅಮ್ಮ ಸೂಜಿ ದಾರ ಇಟ್ಟಿರುವುದು ಅಂಥದ್ದೇ ಡಬ್ಬಿಯಲ್ಲಿ. ಇದರಲ್ಲೂ ಸೂಜಿ, ದಾರದ ಉಂಡೆ, ಬಿಡಿ ಗುಂಡಿಗಳು. ಅಡಿಯಿಂದ ಒಂದು ತಗಡಿನ ಬ್ಯಾಡ್ಜು ತೆಗೆದರು. ಅಂಚಿಗೆ ತುಕ್ಕು ಹಿಡಿದಿತ್ತು. ಕನ್ನಡಕ ಹಾಕಿದ, ಕೂದಲು ಎತ್ತಿ ಕಟ್ಟಿದ ಒಬ್ಬ ಕಪ್ಪು ಹೆಂಗಸಿನ ಮುಖ. ಕೆಳಗೆ ಚಿಸಮ್ ಅನ್ನುವ ಹೆಸರು. ಬ್ರೂಕ್ಲಿನ್‌ನ ಚಿಕ್ಕಮ್ಮನ ಮಗಳು ಕಳಿಸಿದ್ದು ಅಂದರು.

ಶರ್ಲಿ ಚಿಸಮ್ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎರಡು ತಿಂಗಳಿಂದ ದಿನವಿಡೀ ಟೀವಿ ನೋಡಿದ್ದೆ. ಮೊದಲ ಹೆಂಗಸು, ಮೊದಲ ಕಪ್ಪು ಮನುಷ್ಯ ಅಂತ ಸಾವಿರ ಸಲ ಕೇಳಿದ್ದೆ. ಆ ಎರಡೂ ಆಗಿದ್ದ ಒಬ್ಬರು ಮೂವತ್ತಾರು ವರ್ಷ ಹಿಂದೆಯೇ ಇದೇ ಪಕ್ಷದ ಪ್ರೈಮರಿಯಲ್ಲಿ ನಿಂತಿದ್ದರು ಅಂತ ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಕಪ್ಪು ಹೆಂಗಸು ಅವರು. 1972ರ ಜನವರಿ 25ರಂದು ಬ್ರೂಕ್ಲಿನ್‌ನ ಒಂದು ಚರ್ಚಿನಲ್ಲಿ ನಿಂತು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತೇನೆ ಅಂತ ಘೋಷಿಸಿದರು. ನಾನು ಕಪ್ಪು ಅಮೆರಿಕದ ಅಭ್ಯರ್ಥಿ ಅಲ್ಲ, ಕಪ್ಪು ಅನ್ನುವುದು ನನಗೆ ಹೆಮ್ಮೆ ಆದರೂ. ನಾನು ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ, ಹೆಂಗಸು ಅನ್ನುವುದೂ ಅಷ್ಟೇ ಹೆಮ್ಮೆ ಆದರೂ. ನಾನು ಅಮೆರಿಕದ ಜನರ ಅಭ್ಯರ್ಥಿ. ಅವರು ಆಡಿದ್ದು ಈ ಅರ್ಥದ ಮಾತು. ಯಾರಿಗೂ ಮಾರಿಕೊಂಡವಳಲ್ಲ, ಯಾರೂ ನನಗೆ ಯಜಮಾನರಲ್ಲ ಅನ್ನುವುದು ಅವರ ಘೋಷಣೆ.

ಅವರ ಗತಿ ಏನಾಯಿತು? ಕಪ್ಪು ಸಂಸದರಲ್ಲಿ ಹೆಚ್ಚಿನವರು, ಅಂದರೆ ಗಂಡಸರು, ಇವಳು ಹೆಂಗಸರ ಪರ ನಿಂತವಳು ಅಂತ ದೂರ ಉಳಿದರು. ಚಿಸಮ್ ತಾವೇ ಸೇರಿ ಕಟ್ಟಿದ ಮಹಿಳಾ ರಾಜಕೀಯ ಸಂಘಟನೆಯ ಎಷ್ಟೋ ಮುಖಂಡರು, ಗೆಲ್ಲುವವರ ಕಡೆ ಇರೋಣ ಅಂತ ಜಾರ್ಜ್ ಮೆಕ್‌ಗವರ್ನ್ ಕಡೆ ಹೋದರು. ಟೀವಿ ಚರ್ಚೆಗೆ ಕರೆಯಲಿಲ್ಲ, ದೂರು ಕೊಟ್ಟು ಸಮಯ ಪಡೆಯಬೇಕಾಯಿತು. ಕೊನೆಗೆ ಮಯಾಮಿ ಬೀಚ್‌ನ ಸಮಾವೇಶದಲ್ಲಿ ಸಿಕ್ಕಿದ್ದು 152 ಡೆಲಿಗೇಟ್‌ಗಳ ಮತ. ಕಪ್ಪು ಅನ್ನುವುದಕ್ಕಿಂತ ಹೆಂಗಸು ಅನ್ನುವ ಕಾರಣಕ್ಕೇ ರಾಜಕೀಯದಲ್ಲಿ ನನಗೆ ಜಾಸ್ತಿ ಅಡ್ಡಿ ಬಂತು ಅಂತ ಅವರು ಮುಂದೆ ಹಲವು ಸಲ ಹೇಳಿದರು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ, ಎದುರಾಳಿ ಜಾರ್ಜ್ ವಾಲೆಸ್‌ಗೆ ಗುಂಡು ತಗುಲಿದಾಗ ಆಸ್ಪತ್ರೆಗೆ ಹೋಗಿ ನೋಡಿದರು. ಕಪ್ಪು ಜನರನ್ನು ಬೇರೆಯೇ ಇಡಬೇಕು ಅಂತ ರಾಜಕೀಯ ಮಾಡಿದ ಮನುಷ್ಯ ಅವನು. ಅವರ ಸ್ವಂತ ಬೆಂಬಲಿಗರೇ ಸಿಟ್ಟಾದರು.

ಅವತ್ತಿಂದ ನಾನು ಟೀವಿ ಕಡಿಮೆ ಮಾಡಿ ಲೈಬ್ರರಿಗೆ ಹೋಗತೊಡಗಿದೆ. ಓದುತ್ತಾ ಹೋದ ಹಾಗೆ ಈ ಜಗಳ 2008ರದ್ದೂ ಅಲ್ಲ, 1972ರದ್ದೂ ಅಲ್ಲ ಅಂತ ತಿಳಿಯಿತು.

1869ರ ಮೇ ತಿಂಗಳು, ನ್ಯೂಯಾರ್ಕ್. ಗುಲಾಮಗಿರಿ ಹೋಗಿ ನಾಲ್ಕು ವರ್ಷ. ಕಪ್ಪು ಗಂಡಸರಿಗೆ ಮತದ ಹಕ್ಕು ಕೊಡುವ 15ನೇ ತಿದ್ದುಪಡಿ ಮುಂದಿತ್ತು. ಹೆಂಗಸರ ಹೆಸರು ಅದರಲ್ಲಿ ಇರಲಿಲ್ಲ. ಅಲ್ಲಿಯ ತನಕ ಒಟ್ಟಿಗೆ ಹೋರಾಡಿದವರು ಒಂದೇ ಸಭೆಯಲ್ಲಿ ಎದುರುಬದುರಾದರು. ಎಲಿಜಬೆತ್ ಕೇಡಿ ಸ್ಟಾಂಟನ್, ಸೂಸನ್ ಆಂಟನಿ ಒಂದು ಕಡೆ. ಫ್ರೆಡರಿಕ್ ಡಗ್ಲಸ್ ಇನ್ನೊಂದು ಕಡೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಡಗ್ಲಸ್ 1848ರಲ್ಲೇ ಹೆಂಗಸರ ಮತದ ಪರ ಎದ್ದು ನಿಂತವರು. ಸ್ಟಾಂಟನ್ ಅಂತೂ ಕಪ್ಪು ಗಂಡಸರನ್ನು, ವಲಸೆ ಬಂದವರನ್ನು ಅಕ್ಷರ ಬಾರದವರು ಅಂತ ಹೀನಾಯವಾಗಿ ಬರೆದರು. ಅದನ್ನು ಓದುವಾಗ ನನಗೆ ಮುಖ ಬಿಸಿಯಾಯಿತು. ಡಗ್ಲಸ್ ಹೇಳಿದ್ದು ಇಷ್ಟು. ಹೆಂಗಸರನ್ನು ಹೆಂಗಸರು ಅನ್ನುವ ಕಾರಣಕ್ಕೆ ಮನೆಯಿಂದ ಎಳೆದು ದೀಪದ ಕಂಬಕ್ಕೆ ನೇತುಹಾಕುವ ದಿನ ಬಂದರೆ, ಆಗ ಅವರ ತುರ್ತು ನಮ್ಮ ತುರ್ತಿಗೆ ಸಮ. ಸಭೆಯಲ್ಲಿ ಯಾರೋ ಕೂಗಿ ಕೇಳಿದರು: ಇದೆಲ್ಲ ಕಪ್ಪು ಹೆಂಗಸಿಗೂ ಆಗುತ್ತಿಲ್ಲವೇ? ಡಗ್ಲಸ್ ಹೌದು, ಹೌದು ಅಂದರು. ಆದರೆ ಅದು ಆಕೆ ಹೆಂಗಸು ಅಂತ ಅಲ್ಲ, ಕಪ್ಪು ಅಂತ.

ಅದೇ ಸಭೆಯಲ್ಲಿ ಫ್ರಾನ್ಸಿಸ್ ಹಾರ್ಪರ್ ಇದ್ದರು. ಕವಯಿತ್ರಿ, ಕಪ್ಪು ಹೆಂಗಸು. ಒಂದೇ ಪ್ರಶ್ನೆಯನ್ನು ಬಿಡಿಸುವ ಶಕ್ತಿ ದೇಶಕ್ಕಿದ್ದರೆ, ತಮ್ಮ ಗಂಡಸರಿಗೆ ಹಕ್ಕು ಸಿಗುವ ದಾರಿಯಲ್ಲಿ ಕಪ್ಪು ಹೆಂಗಸರು ಒಂದು ಹುಲ್ಲುಕಡ್ಡಿಯನ್ನೂ ಅಡ್ಡ ಇಡಬಾರದು ಅಂದರು. ತಮ್ಮ ಸರದಿಯನ್ನು ತಾವೇ ಬಿಟ್ಟುಕೊಟ್ಟರು. ಗಂಡಸರ ಹಕ್ಕು 1870ರಲ್ಲಿ ಬಂತು. ಹೆಂಗಸರ ಹಕ್ಕು 1920ರಲ್ಲಿ ಬಂತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸು ಭಯವಿಲ್ಲದೆ ಮತ ಹಾಕಲು 1965ರ ಕಾನೂನಿನ ತನಕ ಕಾಯಬೇಕಾಯಿತು. ಹಾರ್ಪರ್ 1911ರಲ್ಲೇ ತೀರಿಕೊಂಡಿದ್ದರು. ಅವರು ಬಾಳಿದ ಮನೆ ಫಿಲಡೆಲ್ಫಿಯಾದ ಬೇನ್‌ಬ್ರಿಜ್ ಸ್ಟ್ರೀಟಿನಲ್ಲೇ ಇದೆ. ಸಾಲು ಮನೆಗಳ ನಡುವೆ ಇನ್ನೊಂದು ಮನೆ, ಅಷ್ಟೇ. ಒಂದು ಮಧ್ಯಾಹ್ನ ಅದರ ಎದುರಿನ ಫುಟ್‌ಪಾತಿನಲ್ಲಿ ನಿಂತು ಬಂದೆ. ಎಷ್ಟೋ ಹೊತ್ತು ನಿಂತಿದ್ದೆ.

ನಮ್ಮೂರಲ್ಲಿ ರೇಷನ್ ಅಂಗಡಿ ಮುಂದೆ ಕ್ಯೂ ನಿಂತವರಿಗೆ ಇದು ಗೊತ್ತು. ಸೀಮೆಎಣ್ಣೆ ಇಷ್ಟೇ ಇದೆ ಅಂದ ಕೂಡಲೇ ಸಾಲಿನಲ್ಲಿ ಇದ್ದವರು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಾರೆ. ನೀನು ಯಾವಾಗ ಬಂದೆ, ನಾನು ನಿನಗಿಂತ ಮುಂಚೆ ಬಂದೆ. ಒಳಗಿನ ಗೋದಾಮಿಗೆ ಎಷ್ಟು ಬಂತು, ಎಲ್ಲಿ ಹೋಯಿತು ಅಂತ ಅಂಗಡಿಯವನನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. 2008ರಲ್ಲೂ ಅದೇ ಆಯಿತು ಅಂತ ನನ್ನ ತಿಳುವಳಿಕೆ. ಇನ್ನೂರಕ್ಕೂ ಜಾಸ್ತಿ ವರ್ಷ ಬಿಳಿಯ ಗಂಡಸರೇ ಕೂತ ಒಂದು ಕುರ್ಚಿ. ಅದರ ಮುಂದೆ ಮೊದಲ ಸಲ ಇಬ್ಬರು ಬೇರೆಯವರು ಒಟ್ಟಿಗೆ ಬಂದು ನಿಂತರು. ಕೂಡಲೇ ಯಾರು ಜಾಸ್ತಿ ನೊಂದವರು ಅನ್ನುವ ಲೆಕ್ಕ ಶುರುವಾಯಿತು. ನ್ಯೂ ಹ್ಯಾಂಪ್‌ಶೈರ್ ಮತದಾನದ ದಿನವೇ ಮಹಿಳಾ ಚಳವಳಿಯ ಮುಖಂಡೆ ಗ್ಲೋರಿಯಾ ಸ್ಟೈನಮ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಅಮೆರಿಕದ ಬದುಕಿನಲ್ಲಿ ಅತಿ ಹೆಚ್ಚು ಕಟ್ಟಿಹಾಕುವುದು ಬಹುಶಃ ಲಿಂಗವೇ ಅಂತ ಬರೆದರು. ನಾನು ಅವತ್ತು ಅದನ್ನು ಓದಿ ಹೌದು ಹೌದು ಅಂದಿದ್ದೆ. ಅಜ್ಜಿಯ ಸೋಫಾದ ಮೇಲೆ ಕೂತ ಮೇಲೆ ಹಾಗೆ ಅನ್ನಲಾಗಲಿಲ್ಲ.

ಇನ್ನೊಂದು ಪ್ರಕರಣವೂ ಆಗಲೇ ಕಣ್ಣಿಗೆ ಬಿತ್ತು. ಜನರಲ್ ಮೋಟರ್ಸ್ ಕಂಪನಿಯ ಮೇಲೆ ಕಪ್ಪು ಹೆಂಗಸರು ಹೂಡಿದ್ದ ಕೇಸು, ಕೋರ್ಟಿನ ತೀರ್ಪು 1976ರದ್ದು. 1964ಕ್ಕೆ ಮೊದಲು ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ಕಷ್ಟದ ಕಾಲ ಬಂದಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಅಂತ ಅವರನ್ನೇ ತೆಗೆಯಿತು. ಕಂಪನಿಯಲ್ಲಿ ಹೆಂಗಸರಿದ್ದಾರಲ್ಲ, ಕಪ್ಪು ಜನರೂ ಇದ್ದಾರಲ್ಲ ಅನ್ನುವುದು ವಾದ. ಇದ್ದ ಹೆಂಗಸರು ಬಿಳಿಯರು, ಇದ್ದ ಕಪ್ಪು ಜನ ಗಂಡಸರು. ಎರಡೂ ಸೇರಿಸಿ ಕೇಳುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ಕೇಸನ್ನೇ ಹಿಡಿದು, ನಾಲ್ಕು ರಸ್ತೆ ಕೂಡುವಲ್ಲಿ ಅಪಘಾತವಾದರೆ ಗಾಡಿ ಯಾವ ಕಡೆಯಿಂದಲೂ ಬಂದಿರಬಹುದು ಅಂತ ಬರೆದರು. ಅಜ್ಜಿಗೆ ಇದನ್ನು ಹೇಳಿದೆ. "ಆ ಪುಸ್ತಕ ನಮ್ಮ ಆಸ್ಪತ್ರೆಗೆ ಕಳಿಸಬೇಕಿತ್ತು" ಅಂದರು.

ಏಪ್ರಿಲ್ ಶುರುವಿನಲ್ಲಿ ಯುಗಾದಿ. ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಊಟದ ಮೇಲೆ ಗಂಡಸರ ಗುಂಪಿನಲ್ಲಿ ಇದೇ ಮಾತು. ಅಲ್ಲಿದ್ದ ಬಹುತೇಕರಿಗೆ ಮತದ ಹಕ್ಕಿರಲಿಲ್ಲ. ಆದರೂ ಮಾತು ಜೋರು. "ಹೆಂಗಸಿನ ಕೈಗೆ ಮಿಲಿಟರಿ ಕೊಡೋದಾ?" ಅಂತ ಒಬ್ಬರು. "ಆ ಕರಿಯನಿಗೆ ಕೊಟ್ಟರೆ ಇಡೀ ದೇಶ ನಿಮ್ಮ ಅಪ್ಪರ್ ಡಾರ್ಬಿ ಆಗುತ್ತೆ" ಅಂತ ಇನ್ನೊಬ್ಬರು. ಎಲ್ಲರೂ ನಕ್ಕರು. ಅಷ್ಟು ಹೊತ್ತಿಗೆ ನಾನು ಚಿಸಮ್ ಬಗ್ಗೆ ಓದಿದ್ದೆ, ಹಾರ್ಪರ್ ಮನೆ ನೋಡಿ ಬಂದಿದ್ದೆ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಅಡುಗೆಮನೆ ಕಡೆ ಹೋದೆ. ನಮ್ಮ ಜನ ಒಳಗೊಳಗೆ ಜಾತಿಯನ್ನು ಹೇಗೆ ಮಾತಾಡುತ್ತಾರೋ ಇಲ್ಲಿ ಬಣ್ಣವನ್ನೂ ಹಾಗೇ ಮಾತಾಡುತ್ತಾರೆ, ನಗುತ್ತಾ. ಆ ನಗುವಿಗೆ ನಾನು ಜಾಗ ಬಿಟ್ಟುಕೊಟ್ಟೆ.

ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾದಲ್ಲಿ ಹಿಲರಿ ಸುಮಾರು 55 ಪರ್ಸೆಂಟ್ ಪಡೆದು ಗೆದ್ದರು. ಫಿಲಡೆಲ್ಫಿಯಾ ಊರು ಒಬಾಮಾ ಜೊತೆ ಹೋಯಿತು. ಆ ಊರಿನ ಆಗಿನ ಮೇಯರ್ ಮೈಕಲ್ ನಟರ್ ಕಪ್ಪು ಮನುಷ್ಯ, ಆದರೆ ಹಿಲರಿ ಪರ ಪ್ರಚಾರ ಮಾಡಿದರು. ಅದಕ್ಕೆ ಅವರಿಗೆ ಬೈಗುಳ ತಪ್ಪಲಿಲ್ಲ. ಜನ ತಮ್ಮ ಲೆಕ್ಕದ ಖಾನೆಯಲ್ಲಿ ಕೂರದಿದ್ದರೆ ಎಲ್ಲರಿಗೂ ಸಿಟ್ಟು ಬರುತ್ತಿತ್ತು ಆ ವರ್ಷ.

ಮೇ 6ರಂದು ನಾರ್ತ್ ಕ್ಯಾರೊಲೈನಾದಲ್ಲಿ ಹಿಲರಿ ದೊಡ್ಡದಾಗಿ ಸೋತರು. ಆಮೇಲೆ ಒಂದು ಸಂದರ್ಶನದಲ್ಲಿ, ಕಷ್ಟಪಟ್ಟು ದುಡಿಯುವ ಅಮೆರಿಕನ್ನರು, ಬಿಳಿಯ ಅಮೆರಿಕನ್ನರು ಒಬಾಮಾರಿಂದ ದೂರವಾಗುತ್ತಿದ್ದಾರೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಎರಡೂ ಒಂದೇ ಅನ್ನುವ ಹಾಗೆ, ಒಂದರ ಬೆನ್ನಿಗೆ ಒಂದು. ಅಜ್ಜಿಯ ಊದಿದ ಕಾಲು ನೆನಪಾಯಿತು. ಹಿಲರಿಯ ಮೇಲಿನ ನನ್ನ ಅಭಿಮಾನ ಮುರಿದದ್ದು ಅವತ್ತು. ನನ್ನ ಮಟ್ಟಿಗೆ ಇಡೀ ಸ್ಪರ್ಧೆಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ.

ಆ ಮೇ 6ರಂದೇ ನಮ್ಮ ದೇಶದಲ್ಲೂ ಒಂದು ಘಟನೆ ನಡೆದಿತ್ತು. ರಾಜ್ಯಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಮಂಡನೆಯಾಯಿತು. ಕಾನೂನು ಮಂತ್ರಿ ಎಚ್. ಆರ್. ಭಾರದ್ವಾಜ್, ಮುಂದೆ ನಮ್ಮ ರಾಜ್ಯಪಾಲರಾದವರು, ಅವರ ಕೈಯಿಂದ ಕಾಗದ ಕಿತ್ತುಕೊಳ್ಳದ ಹಾಗೆ ಮಹಿಳಾ ಸದಸ್ಯರು ಸುತ್ತ ನಿಂತು ಕಾಯಬೇಕಾಯಿತು. ಹಿಂದುಳಿದ ಜಾತಿಯ ಹೆಂಗಸರಿಗೆ ಒಳಮೀಸಲಾತಿ ಎಲ್ಲಿ ಅನ್ನುವುದು ವಿರೋಧಿಸಿದವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಕೂಗಿ ಹೇಳಿದವರೆಲ್ಲ ಗಂಡಸರು. ಆ ಜಾತಿಯ ಹೆಂಗಸರ ದನಿ ಸುದ್ದಿಯಲ್ಲಿ ಕೇಳಿಸಲಿಲ್ಲ. ನಮ್ಮಲ್ಲೂ ಅಜ್ಜಿಯಂಥವರು ಇದ್ದಾರೆ ಅಂತ ಅವತ್ತು ಅಂದುಕೊಂಡೆ.

ಮೇ 31ರಂದು ಪಕ್ಷದ ನಿಯಮ ಸಮಿತಿ ವಾಷಿಂಗ್ಟನ್‌ನಲ್ಲಿ ಸೇರಿ ನಿಯಮ ಮೀರಿ ಮುಂಚೆಯೇ ಪ್ರೈಮರಿ ನಡೆಸಿದ್ದ ಫ್ಲೋರಿಡಾ, ಮಿಶಿಗನ್ ರಾಜ್ಯಗಳ ಡೆಲಿಗೇಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಅನ್ನುವ ಜಗಳ ತೀರಿಸಿತು. ಹೊರಗೆ ಬಂದ ಒಬ್ಬ ಬಿಳಿಯ ಹೆಂಗಸು ಕ್ಯಾಮೆರಾ ಮುಂದೆ, ಯೋಗ್ಯತೆ ಇಲ್ಲದ ಕಪ್ಪು ಗಂಡಸಿಗಾಗಿ ಪಕ್ಷ ಚುನಾವಣೆಯನ್ನೇ ಬಿಸಾಡುತ್ತಿದೆ ಅಂತ ಕಿರುಚಿದರು. ಜೂನ್ 3ಕ್ಕೆ ಒಬಾಮಾ ಗೆಲುವು ಖಚಿತವಾಯಿತು. ಜೂನ್ 7ರಂದು ಹಿಲರಿ ಸೋಲು ಒಪ್ಪಿಕೊಂಡು ಮಾತಾಡಿದರು. ಹೆಂಗಸರನ್ನು ಮೇಲೇರದಂತೆ ತಡೆಯುವ ಅತ್ಯಂತ ಎತ್ತರದ, ಗಟ್ಟಿಯಾದ ಗಾಜಿನ ಚಾವಣಿ ಒಡೆಯಲಿಲ್ಲ, ಆದರೆ ಅದರಲ್ಲಿ ಸುಮಾರು 1 ಕೋಟಿ 80 ಲಕ್ಷ ಬಿರುಕು ಬಿದ್ದಿದೆ ಅಂದರು. ಅವರಿಗೆ ಬಿದ್ದ ಮತಗಳ ಲೆಕ್ಕ ಅದು. ಹೆಂಗಸಾಗಿ ತಾನು ಏನು ಅನುಭವಿಸಿದೆ ಅಂತ ಅವರು ಅಷ್ಟು ಬಿಚ್ಚಿ ಮಾತಾಡಿದ್ದು ಅವತ್ತೇ, ಸೋತ ಮೇಲೆ. ಅಜ್ಜಿ ಮತ್ತು ನಾನು ಅದನ್ನೂ ಅದೇ ಸೋಫಾದ ಮೇಲೆ ಕೂತು ನೋಡಿದೆವು. ಅಜ್ಜಿ ಕಣ್ಣು ಒರೆಸಿಕೊಂಡರು. ನಾನೂ.

2019ರಲ್ಲಿ ಕಮಲಾ ಹ್ಯಾರಿಸ್ ಅದೇ ಪಕ್ಷದ ಪ್ರೈಮರಿಗೆ ಇಳಿದಾಗ ನಾನು ಅಮೆರಿಕದ ಪ್ರಜೆಯಾಗಿದ್ದೆ. ಒಂದು ಮತ ಬೀಳುವ ಮೊದಲೇ, ಡಿಸೆಂಬರ್‌ನಲ್ಲಿ ಅವರು ಹಿಂದೆ ಸರಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರು ನಮ್ಮವರಾ, ಕಪ್ಪು ಜನರವರಾ ಅಂತ ವಾರಗಟ್ಟಲೆ ಜಗಳ ನಡೆದಿತ್ತು. ಐದು ವರ್ಷ ಕಳೆದು ಡೊನಾಲ್ಡ್ ಟ್ರಂಪ್ ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಮುಂದೆ ಕೂತು ಅದೇ ಪ್ರಶ್ನೆ ಕೇಳಿದರು. ಆ ಹೊತ್ತಿಗೆ ಅಜ್ಜಿ ಇರಲಿಲ್ಲ. ನಾನು ಮಾತ್ರ ಈ ಸಲ ಗುಂಪಿನಲ್ಲಿ ಸುಮ್ಮನಿರಲಿಲ್ಲ. ಚಿಸಮ್ ಬಗ್ಗೆ ಕನ್ನಡದಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಇಬ್ಬರು ಗುಂಪು ಬಿಟ್ಟರು, ಒಬ್ಬಳು ಹುಡುಗಿ ರಾತ್ರಿ ಫೋನ್ ಮಾಡಿ ಎರಡು ಗಂಟೆ ಮಾತಾಡಿದಳು.

ಅವಳಿಗೆ ಹೇಳಿದ್ದು ಏಪ್ರಿಲ್ 22ರ ಕಥೆ. ಅವತ್ತು ಬೆಳಿಗ್ಗೆ ಅಜ್ಜಿ ನನ್ನನ್ನೂ ಕರೆದುಕೊಂಡು ಹೊರಟಿದ್ದರು. ನಿನಗೆ ವೋಟಿಲ್ಲದಿದ್ದರೆ ಏನಂತೆ, ಕಾಲು ನೋವು, ಜೊತೆಗೆ ಬಾ ಅಂದರು. ಮತಗಟ್ಟೆ ಇದ್ದದ್ದು ಬೆಂಕಿ ಆರಿಸುವವರ ಹಾಲಿನಲ್ಲಿ. ಸಾಲು ಹೊರಗಿನ ರಸ್ತೆ ತನಕ ಬಂದಿತ್ತು. ಬಾಗಿಲಿನಿಂದ ಸ್ವಲ್ಪ ದೂರದಲ್ಲಿ ಎರಡೂ ಕಡೆಯ ಹುಡುಗ ಹುಡುಗಿಯರು ಕಾಗದ ಹಿಡಿದು ನಿಂತಿದ್ದರು. ಒಬ್ಬಳು ಬಿಳಿಯ ಹುಡುಗಿ ಓಡಿ ಬಂದು, ಇದು ನಮ್ಮೆಲ್ಲ ಹೆಂಗಸರ ದಿನ ಅಂದಳು. ಅವಳ ಹಿಂದೆಯೇ ಒಬ್ಬ ಕಪ್ಪು ಹುಡುಗ ಬಂದು, ನಮ್ಮ ಜನರ ದಿನ ಬಂತಲ್ಲ ಅಂದ. ಇಬ್ಬರಿಗೂ ಇಪ್ಪತ್ತು ದಾಟಿರಲಿಕ್ಕಿಲ್ಲ. ಇಬ್ಬರ ಮುಖದಲ್ಲೂ ನಿಜವಾದ ಆಸೆ ಇತ್ತು.

ಅಜ್ಜಿ ಸ್ವೆಟರಿನ ಅಂಚು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಒಳಗೆ, ಎದೆಯ ಹತ್ತಿರ, ಆ ತುಕ್ಕು ಹಿಡಿದ ಬ್ಯಾಡ್ಜು ಚುಚ್ಚಿಕೊಂಡಿದ್ದರು.

"ಇದು ಯಾರು?" ಅಂತ ಹುಡುಗಿ ಬಗ್ಗಿ ನೋಡಿದಳು. ಹುಡುಗನೂ ಬಗ್ಗಿದ. ಇಬ್ಬರಿಗೂ ಗೊತ್ತಿರಲಿಲ್ಲ.

ಅಜ್ಜಿ ಕೈಚೀಲವನ್ನು ನನಗೆ ಕೊಟ್ಟರು. ಹಿಂದೆ ನಿಂತಿದ್ದವರಿಗೆ ನೀವು ಮುಂದೆ ಹೋಗಿ ಅಂತ ಕೈ ಮಾಡಿದರು. ಆಮೇಲೆ ಗೋಡೆಗೆ ಒರಗಿಕೊಂಡು 1972ರ ಕಥೆ ಶುರು ಮಾಡಿದರು.